ಬೆಂಕಿಯ ಹದ: ನಿಕಲ್ ಮಿಶ್ರಲೋಹಗಳ ಉಷ್ಣಸಂಸ್ಕಾರ

ಕಬ್ಬಿಣಕ್ಕೆ ತುಕ್ಕು ಹಿಡಿಯುವುದನ್ನು ನಾವೆಲ್ಲರೂ ಬಲ್ಲೆವು. ಒಂದು ಮಳೆಗಾಲ ಕಳೆದ ಮೇಲೆ ಕಿಟಕಿಯ ಸರಳನ್ನು ಮುಟ್ಟಿದರೆ ಬೆರಳಿಗೆ ಕೆಂಪು ಪುಡಿ ಹತ್ತುತ್ತದೆ. ಈ ತುಕ್ಕು ಕಣ್ಣಿಗೆ ಕಾಣುವ ಶತ್ರು. ಕೆರೆದು ಬಣ್ಣ ಬಳಿದರೆ ಕೆಲವು ಕಾಲ ಸುಮ್ಮನಿರುತ್ತದೆ. ಆದರೆ ಹೊರಮೈ ಬೆಳ್ಳಿಯಂತೆ ಹೊಳೆಯುತ್ತಿರುವಾಗಲೇ ಲೋಹವನ್ನು ಒಳಗೊಳಗೇ ತಿಂದು ಬಿರುಕು ಬಿಡಿಸುವ ಇನ್ನೊಂದು ಬಗೆಯ ಕ್ಷಯವುಂಟು. 'ಇದಕ್ಕೆ ತುಕ್ಕೇ ಇಲ್ಲ' ಎಂದು ಹೆಸರಾದ ದುಬಾರಿ ಲೋಹಗಳಿಗೂ ಈ ಕ್ಷಯವು ತಗಲುತ್ತದೆ. ಇದಕ್ಕಿಂತ ವಿಚಿತ್ರವಾದ ಸಂಗತಿಯೆಂದರೆ, ಅನೇಕ ವೇಳೆ ಅದನ್ನು ತಂದೊಡ್ಡುವುದೂ ಬೆಂಕಿಯೇ, ಕಳೆಯುವುದೂ ಬೆಂಕಿಯೇ.

ಲೋಹವನ್ನು ಎಷ್ಟು ಕಾಯಿಸಬೇಕು, ಎಷ್ಟು ಹೊತ್ತು ಕಾವಿನಲ್ಲಿಡಬೇಕು, ಅನಂತರ ಹೇಗೆ ತಣಿಸಬೇಕು ಎಂಬ ವಿದ್ಯೆಗೆ ಉಷ್ಣಸಂಸ್ಕಾರವೆಂದು ಹೆಸರು. ಕುಲುಮೆಯ ಮುಂದೆ ಕುಳಿತ ಕಮ್ಮಾರನು ಕುಡುಗೋಲಿನ ಬಾಯನ್ನು ಕಾಯಿಸಿ ನೀರಿನಲ್ಲಿ ಅದ್ದಿ ಹದಗೊಳಿಸುವುದೂ ಇದೇ ವಿದ್ಯೆಯ ಹಳೆಯ ರೂಪ. ಅವನು ಬಯಸುವುದು ಹರಿತವನ್ನು, ಗಡಸುತನವನ್ನು. ನಿಕಲ್ ಮಿಶ್ರಲೋಹಗಳಲ್ಲಿ ಅದೇ ವಿದ್ಯೆಯನ್ನು ಲೋಹಕ್ಷಯವನ್ನು ತಡೆಯುವುದಕ್ಕಾಗಿ ಬಳಸುತ್ತಾರೆ. ಅದು ಹೇಗೆ ಸಾಧ್ಯ, ಏಕೆ ಅಗತ್ಯ, ಬಟ್ಟೆಯ ಗಿರಣಿಗಳ ನಡುವೆ ವಾಸಿಸುವ ನಮಗೆ ಅದರಿಂದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

೧. ನಿಕಲ್ ಎಂಬ ಲೋಹ

ಸ್ವೀಡನ್ ದೇಶದ ಕ್ರೋನ್‌ಸ್ಟೆಟ್ ಎಂಬ ವಿಜ್ಞಾನಿ ೧೭೫೧ರಲ್ಲಿ ನಿಕಲ್ಲನ್ನು ಕಂಡುಹಿಡಿದನು. ಜರ್ಮನಿಯ ಗಣಿಗಾರರು ಒಂದು ಅದುರನ್ನು ತಾಮ್ರದ್ದೆಂದು ಭ್ರಮಿಸಿ ಕಾಯಿಸುತ್ತಿದ್ದರು; ತಾಮ್ರ ಬಾರದೆ ಹೋದಾಗ, ಯಾವುದೋ ದೆವ್ವ ತಾಮ್ರವನ್ನು ಕದ್ದಿತೆಂದು ಆ ಅದುರಿಗೆ 'ದೆವ್ವದ ತಾಮ್ರ' ಎಂಬರ್ಥದ ಹೆಸರಿಟ್ಟಿದ್ದರು. ಆ ಬೈಗುಳದ ತುಂಡೇ ಇಂದು ಲೋಹದ ಹೆಸರಾಗಿ ಉಳಿದಿದೆ. ನಿಕಲ್ ಬಿಳಿಯ ಲೋಹ, ನೀರಿಗಿಂತ ೮.೯ ಪಟ್ಟು ಭಾರ. ಸುಮಾರು ೧೪೫೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ೧೯೫೦ರಲ್ಲಿ ನಮ್ಮ ಗಣರಾಜ್ಯವು ಹೊರತಂದ ಮೊದಲ ರೂಪಾಯಿ ನಾಣ್ಯವು ನಿಕಲ್ಲಿನದೇ ಆಗಿತ್ತು. ಯಾರ ಮನೆಯಲ್ಲಾದರೂ ಅಜ್ಜನ ಕಾಲದ ಆ ನಾಣ್ಯವಿದ್ದರೆ ಅಯಸ್ಕಾಂತವನ್ನು ಹಿಡಿದು ನೋಡಬಹುದು; ಅದು ಅಂಟಿಕೊಳ್ಳುತ್ತದೆ.

ನಿಕಲ್ ಕ್ಷಾರಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಇತರ ಲೋಹಗಳನ್ನು ತನ್ನೊಳಗೆ ಧಾರಾಳವಾಗಿ ಸೇರಿಸಿಕೊಳ್ಳುವುದು ಅದರ ಇನ್ನೊಂದು ದೊಡ್ಡ ಗುಣ. ತಾಮ್ರವನ್ನು ಬೆರೆಸಿದರೆ ಮೊನೆಲ್ ಆಗುತ್ತದೆ. ಅದರಲ್ಲಿ ನೂರಕ್ಕೆ ೬೩ಕ್ಕೆ ಕಡಮೆಯಿಲ್ಲದಷ್ಟು ನಿಕಲ್, ೨೮ರಿಂದ ೩೪ರಷ್ಟು ತಾಮ್ರ ಇರುತ್ತವೆ. ಕ್ರೋಮಿಯಮ್ಮನ್ನೂ ಸ್ವಲ್ಪ ಕಬ್ಬಿಣವನ್ನೂ ಬೆರೆಸಿದರೆ ಇನ್‌ಕೊನೆಲ್ ಆಗುತ್ತದೆ. ಅದರ ೬೦೦ ಎಂಬ ಜಾತಿಯಲ್ಲಿ ನಿಕಲ್ ೭೨ಕ್ಕಿಂತ ಹೆಚ್ಚು, ಕ್ರೋಮಿಯಂ ೧೪ರಿಂದ ೧೭. ಮಾಲಿಬ್ಡಿನಮ್ಮನ್ನೂ ಕ್ರೋಮಿಯಮ್ಮನ್ನೂ ಟಂಗ್‌ಸ್ಟನ್ನನ್ನೂ ಬೆರೆಸಿದರೆ ಹೇಸ್ಟೆಲಾಯ್ ಸಿ-೨೭೬ ಆಗುತ್ತದೆ; ಬಿಸಿಯಾದ ಉಗ್ರ ಆಮ್ಲಗಳನ್ನು ತಡೆದುಕೊಳ್ಳುವ ಲೋಹಗಳಲ್ಲಿ ಅದು ಅಗ್ರಶ್ರೇಣಿಯದು. ಇವೆಲ್ಲ ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲಿಗಿಂತ ಹಲವು ಪಟ್ಟು ಬೆಲೆಯುಳ್ಳವು. ಇಷ್ಟು ಬೆಲೆ ತೆತ್ತು ತಂದ ಲೋಹವು ತಪ್ಪು ಕಾವಿಗೆ ಸಿಕ್ಕಿ ಹಾಳಾದರೆ ಆಗುವ ನಷ್ಟ ಎಂಥದೆಂಬುದನ್ನು ಊಹಿಸಿಕೊಳ್ಳಬಹುದು.

೨. ಲೋಹದ ಮೈಯೊಳಗೆ

ಬರಿಗಣ್ಣಿಗೆ ಲೋಹವು ಒಂದೇ ಅಖಂಡ ವಸ್ತುವಿನಂತೆ ಕಾಣುತ್ತದೆ. ಅದನ್ನು ನುಣ್ಣಗೆ ಉಜ್ಜಿ, ತಕ್ಕ ಆಮ್ಲವನ್ನು ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೇರೊಂದು ಲೋಕವೇ ತೆರೆದುಕೊಳ್ಳುತ್ತದೆ. ಕಲ್ಲುಗಳನ್ನು ಜೋಡಿಸಿ ಕಟ್ಟಿದ ಕೋಟೆಯ ಗೋಡೆಯಂತೆ, ಸಣ್ಣ ಸಣ್ಣ ಹರಳುಗಳು ಒಂದಕ್ಕೊಂದು ಒತ್ತಿಕೊಂಡಿರುವುದು ಕಾಣುತ್ತದೆ. ಒಂದೊಂದು ಹರಳಿನೊಳಗೂ ಪರಮಾಣುಗಳು ಕವಾಯತಿಗೆ ನಿಂತ ಬಾಲಕರಂತೆ ಸಾಲಾಗಿ ನಿಂತಿರುತ್ತವೆ. ಎರಡು ಹರಳುಗಳು ಕೂಡುವ ಸಂದಿನಲ್ಲಿ ಮಾತ್ರ ಈ ಸಾಲು ತಪ್ಪುತ್ತದೆ. ಅಲ್ಲಿ ಜಾಗ ಸಡಿಲ. ಪರಮಾಣುಗಳ ಓಡಾಟ ಸುಲಭ. ಹೊಸ ಸಂಯುಕ್ತಗಳು ಹುಟ್ಟುವುದಕ್ಕೆ ಅನುಕೂಲ. ನಮ್ಮ ಕಥೆಯ ಮುಖ್ಯ ರಂಗಭೂಮಿ ಈ ಸಂದುಗಳೇ.

ಹಾಗಾದರೆ ಈ ಲೋಹಗಳನ್ನು ಕಾಪಾಡುವುದು ಯಾವುದು? ಮುಖ್ಯವಾಗಿ ಕ್ರೋಮಿಯಂ. ಅದು ಗಾಳಿಯ ಅಥವಾ ನೀರಿನ ಆಮ್ಲಜನಕದೊಡನೆ ಕೂಡಿ ಲೋಹದ ಮೈಮೇಲೆ ಒಂದು ಪೊರೆಯನ್ನು ಹಬ್ಬಿಸುತ್ತದೆ. ಪೊರೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಎರಡು ಮೂರು ಭಾಗವಷ್ಟೇ. ಕಣ್ಣಿಗೆ ಅದು ಕಾಣದು. ಆದರೂ ಲೋಹವನ್ನು ಹೊರಗಿನ ಆಮ್ಲದಿಂದ ಬೇರ್ಪಡಿಸಿ ಕಾಯುವುದು ಅದೇ. ಗೀರು ಬಿದ್ದರೆ ತಾನೇ ಮತ್ತೆ ಹಬ್ಬಿಕೊಳ್ಳುತ್ತದೆ. ಆದರೆ ಇದಕ್ಕೊಂದು ನಿಬಂಧನೆಯುಂಟು: ಲೋಹದಲ್ಲಿ ಎಲ್ಲೆಡೆಯೂ ಕ್ರೋಮಿಯಂ ಸುಮಾರು ನೂರಕ್ಕೆ ಹನ್ನೆರಡರಷ್ಟಾದರೂ ಇರಬೇಕು. 'ಎಲ್ಲೆಡೆಯೂ' ಎಂಬ ಮಾತನ್ನು ಮರೆಯಬಾರದು. ಒಟ್ಟಿನಲ್ಲಿ ಸಾಕಷ್ಟಿದ್ದು ಒಂದು ಕಿರಿದಾದ ಪಟ್ಟಿಯಲ್ಲಿ ಕೊರತೆಯಾದರೂ ಶತ್ರುವು ಆ ಕಂಡಿಯಿಂದಲೇ ಒಳನುಗ್ಗುತ್ತಾನೆ.

೩. ಕಾವಿನಿಂದ ಬರುವ ಕೇಡು

ಈ ಲೋಹಗಳಲ್ಲಿ ಸ್ವಲ್ಪ ಇಂಗಾಲವೂ ಇರುತ್ತದೆ. ಸಾವಿರ ಡಿಗ್ರಿಗೂ ಮಿಕ್ಕ ಕಾವಿನಲ್ಲಿ ಆ ಇಂಗಾಲವು ಲೋಹದಲ್ಲಿ ಕರಗಿರುತ್ತದೆ. ಬಿಸಿನೀರಿನಲ್ಲಿ ಸಕ್ಕರೆ ಹೆಚ್ಚಾಗಿ ಕರಗುವುದನ್ನೂ, ಆ ಪಾಕ ನಿಧಾನವಾಗಿ ಆರಿದಾಗ ದಾರದ ಸುತ್ತ ಕಲ್ಲುಸಕ್ಕರೆ ಕಟ್ಟುವುದನ್ನೂ ನೀವು ಕೇಳಿಬಲ್ಲಿರಿ. ಲೋಹದಲ್ಲಿಯೂ ಅದೇ ನಿಯಮ. ಲೋಹ ಆರುತ್ತಾ ಬಂದಂತೆ ಇಂಗಾಲಕ್ಕೆ ಒಳಗೆ ಎಡೆಯಿಲ್ಲದಂತಾಗುತ್ತದೆ. ಸುಮಾರು ೮೦೦ರಿಂದ ೫೦೦ ಡಿಗ್ರಿಗಳ ನಡುವೆ ಅದು ನಿಧಾನವಾಗಿ ಆರಿದರೆ, ಅಥವಾ ತಣ್ಣಗಿದ್ದ ಲೋಹವು ಬೆಸುಗೆಯ ಕಾರಣದಿಂದ ಆ ಕಾವಿಗೆ ಮತ್ತೆ ಏರಿದರೆ, ಇಂಗಾಲವು ಹರಳುಗಳ ಸಂದಿಗೆ ಓಡಿಬಂದು ಕ್ರೋಮಿಯಮ್ಮಿನೊಡನೆ ಕೂಡಿ ಕಾರ್ಬೈಡ್ ಎಂಬ ಗಡಸು ಕಣಗಳಾಗಿ ನಿಲ್ಲುತ್ತದೆ. ದಾರಕ್ಕೆ ಕಲ್ಲುಸಕ್ಕರೆ ಹೇಗೋ ಸಂದಿಗೆ ಕಾರ್ಬೈಡು ಹಾಗೆ.

ಇಲ್ಲಿ ಒಂದು ಚಿಕ್ಕ ಲೆಕ್ಕವನ್ನು ಮಾಡಿನೋಡೋಣ. ಸಾಮಾನ್ಯವಾಗಿ ಕಾಣುವ ಒಂದು ಕಾರ್ಬೈಡಿನಲ್ಲಿ ೨೩ ಕ್ರೋಮಿಯಂ ಪರಮಾಣುಗಳಿಗೆ ೬ ಇಂಗಾಲದ ಪರಮಾಣುಗಳಿರುತ್ತವೆ. ಕ್ರೋಮಿಯಮ್ಮಿನ ಪರಮಾಣು ತೂಕ ೫೨, ಇಂಗಾಲದ್ದು ೧೨. ಆದುದರಿಂದ ೨೩ × ೫೨ = ೧೧೯೬; ೬ × ೧೨ = ೭೨. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ೧೬.೬ ಬರುತ್ತದೆ. ಎಂದರೆ ಒಂದು ಗ್ರಾಂ ಇಂಗಾಲವು ಹದಿನಾರೂವರೆ ಗ್ರಾಮಿಗೂ ಹೆಚ್ಚು ಕ್ರೋಮಿಯಮ್ಮನ್ನು ಸೆರೆಹಿಡಿಯುತ್ತದೆ! ಲೋಹದಲ್ಲಿ ನೂರಕ್ಕೆ ೦.೦೫ರಷ್ಟು ಇಂಗಾಲವಿದ್ದು ಅದೆಲ್ಲವೂ ಕಾರ್ಬೈಡಾದರೆ ೦.೮೩ರಷ್ಟು ಕ್ರೋಮಿಯಂ ಸೆರೆಯಾಗುತ್ತದೆ.

"೧೬ರಲ್ಲಿ ೦.೮೩ ಹೋದರೆ ೧೫ಕ್ಕೂ ಮಿಕ್ಕು ಉಳಿಯಿತಲ್ಲ, ಭಯವೇನು?" ಎಂದು ಬುದ್ಧಿವಂತ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಉತ್ತರವಿರುವುದು ಎರಡು ಪರಮಾಣುಗಳ ನಡಿಗೆಯ ವೇಗದಲ್ಲಿ. ಇಂಗಾಲದ ಪರಮಾಣು ಚಿಕ್ಕದು. ಹರಳಿನ ಸಾಲುಗಳ ನಡುವೆ ನುಸುಳಿಕೊಂಡು ದೂರದೂರದಿಂದ ಸಂದಿಗೆ ಬೇಗ ಬಂದು ಸೇರುತ್ತದೆ. ಕ್ರೋಮಿಯಂ ಪರಮಾಣು ದೊಡ್ಡದು. ಅದು ಬಲು ನಿಧಾನ. ಆದುದರಿಂದ ಕಾರ್ಬೈಡಿಗೆ ಬೇಕಾದ ಕ್ರೋಮಿಯಮ್ಮೆಲ್ಲವೂ ಸಂದಿನ ಪಕ್ಕದ ಇಕ್ಕಟ್ಟಾದ ಪಟ್ಟಿಯಿಂದಲೇ ಹೋಗುತ್ತದೆ. ಆ ಪಟ್ಟಿಯಲ್ಲಿ ಕ್ರೋಮಿಯಂ ೧೦ಕ್ಕಿಂತ ಕೆಳಗಿಳಿಯಬಹುದು. ಊರಿನ ಒಟ್ಟು ಧಾನ್ಯಕ್ಕೆ ಕೊರತೆಯಿಲ್ಲ. ಒಂದು ಕೇರಿಯಲ್ಲಿ ಮಾತ್ರ ಬರಗಾಲ. ಅಲ್ಲಿ ರಕ್ಷಣೆಯ ಪೊರೆ ಕಟ್ಟಲಾರದು. ಆಮ್ಲವು ಆ ಹಾದಿ ಹಿಡಿದು ಹರಳಿನಿಂದ ಹರಳಿಗೆ ಇಳಿಯುತ್ತದೆ. ಗಾರೆ ಉದುರಿದ ಗೋಡೆಯಿಂದ ಕಲ್ಲುಗಳು ಕಳಚುವಂತೆ ಹರಳುಗಳು ಕಳಚಿಕೊಳ್ಳುತ್ತವೆ. ಮಾಲಿಬ್ಡಿನಂ ಬೆರೆತ ಹೇಸ್ಟೆಲಾಯಿಯಂಥ ಲೋಹಗಳಲ್ಲಿ ಮಾಲಿಬ್ಡಿನಮ್ಮನ್ನು ನುಂಗುವ ಬೇರೆ ಕಣಗಳೂ ಇದೇ ರೀತಿ ಹುಟ್ಟಿ ಕೇಡನ್ನು ಹೆಚ್ಚಿಸುತ್ತವೆ.

೪. ಕಾವಿನಿಂದಲೇ ಪರಿಹಾರ

ಈ ಕೇಡಿಗೆ ಲೋಹಶಾಸ್ತ್ರಜ್ಞರು ಕಂಡುಕೊಂಡಿರುವ ಸಂಸ್ಕಾರಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಕರಗಿಸಿ ತಣಿಸುವ ಸಂಸ್ಕಾರ. ಲೋಹವನ್ನು ಕಾರ್ಬೈಡುಗಳೆಲ್ಲ ಮತ್ತೆ ಕರಗುವಷ್ಟು ಕಾಯಿಸಿ, ಕೆಲವು ಕಾಲ ಆ ಕಾವಿನಲ್ಲಿಟ್ಟು, ಒಡನೆಯೇ ನೀರಿನಲ್ಲಿ ಅದ್ದುವುದು. ಸಿ-೨೭೬ಕ್ಕೆ ಈ ಕಾವು ಸುಮಾರು ೧೧೨೦ ಡಿಗ್ರಿ. ಅಪಾಯದ ವಲಯವನ್ನು ಲೋಹವು ಎಷ್ಟು ಬೇಗ ದಾಟುತ್ತದೆಯೆಂದರೆ, ಇಂಗಾಲಕ್ಕೆ ಸಂದಿನವರೆಗೆ ಓಡಲು ಸಮಯವೇ ಸಿಕ್ಕುವುದಿಲ್ಲ. ಅದು ಎಲ್ಲಿತ್ತೋ ಅಲ್ಲಿಯೇ ಹುದುಗಿ ಉಳಿಯುತ್ತದೆ. ಆಮ್ಲಗಳಲ್ಲಿ ದುಡಿಯುವ ಲೋಹಗಳಿಗೆ ಇದು ಉತ್ತಮ. ಆದರೆ ಬೆಸೆದು ಕಟ್ಟಿದ ದೊಡ್ಡ ಪಾತ್ರೆಯನ್ನು ಇಡಿಯಾಗಿ ಕಾಯಿಸಿ ನೀರಿಗೆ ಹಾಕುವುದು ಸುಲಭವಲ್ಲ. ಪಾತ್ರೆ ಸೊಟ್ಟಗಾಗುತ್ತದೆ, ಅಷ್ಟು ದೊಡ್ಡ ಕುಲುಮೆಯೂ ಬೇಕು. ಆದುದರಿಂದಲೇ ೧೯೬೦ರ ದಶಕದಲ್ಲಿ ಹಳೆಯ ಹೇಸ್ಟೆಲಾಯ್ ಸಿ ಲೋಹದ ಇಂಗಾಲವನ್ನೂ ಸಿಲಿಕಾನನ್ನೂ ಬಹಳವಾಗಿ ತಗ್ಗಿಸಿ ಸಿ-೨೭೬ನ್ನು ರೂಪಿಸಿದರು. ಅದರಲ್ಲಿ ಇಂಗಾಲವು ನೂರಕ್ಕೆ ೦.೦೧ಕ್ಕಿಂತ ಹೆಚ್ಚಿರಕೂಡದು. ಇಂಗಾಲವೇ ಇಲ್ಲದ ಕಡೆ ಕಾರ್ಬೈಡು ಹುಟ್ಟುವುದೆಲ್ಲಿಂದ? ಬೆಸೆದ ಪಾತ್ರೆಯನ್ನು ಹಾಗೆಯೇ ಬಳಸುವುದು ಸಾಧ್ಯವಾಯಿತು.

ಎರಡನೆಯದು ಸ್ಥಿರೀಕರಣ. ಕ್ರೋಮಿಯಮ್ಮಿಗಿಂತ ಇಂಗಾಲದ ಮೇಲೆ ಹೆಚ್ಚು ಮೋಹವುಳ್ಳ ಟೈಟಾನಿಯಮ್ಮನ್ನು ಲೋಹಕ್ಕೆ ಮೊದಲೇ ಬೆರೆಸಿ, ತಕ್ಕ ಕಾವಿನಲ್ಲಿ ಅವೆರಡನ್ನೂ ಕೂಡಿಸಿಬಿಡುವುದು. ಇಂಗಾಲವು ಟೈಟಾನಿಯಮ್ಮಿಗೆ ಕಟ್ಟುಬಿದ್ದ ಮೇಲೆ ಕ್ರೋಮಿಯಮ್ಮಿನ ತಂಟೆಗೆ ಹೋಗದು. ಗಂಧಕಾಮ್ಲದ ಮತ್ತು ರಂಜಕಾಮ್ಲದ ಕಾರ್ಖಾನೆಗಳಲ್ಲಿ ಬಳಸುವ ೮೨೫ ಎಂಬ ಲೋಹವನ್ನು ಇದಕ್ಕಾಗಿ ಸುಮಾರು ೯೪೦ ಡಿಗ್ರಿಯಲ್ಲಿ ಹದಗೊಳಿಸುತ್ತಾರೆ.

ಮೂರನೆಯದು ಬಿಗುವನ್ನು ಇಳಿಸುವ ಸಂಸ್ಕಾರ. ಬಗ್ಗಿಸಿ, ತಟ್ಟಿ, ಬೆಸೆದ ಲೋಹದಲ್ಲಿ ಒಳಬಿಗುವು ಉಳಿದಿರುತ್ತದೆ. ಬಿಗುವೂ ಆಮ್ಲವೂ ಜೊತೆಗೂಡಿದರೆ ಲೋಹವು ಬಿರುಕು ಬಿಡುತ್ತದೆ. ಹೈಡ್ರೋಫ್ಲೋರಿಕ್ ಆಮ್ಲದ ತೇವದ ಹಬೆಯಲ್ಲಿ ಮೊನೆಲ್ ಹೀಗೆ ಬಿರುಕು ಬಿಡುವುದುಂಟು. ಸುಮಾರು ೫೫೦ ಡಿಗ್ರಿಯಲ್ಲಿ ಕಾಯಿಸಿ ಆರಿಸಿದರೆ ಬಿಗುವು ಇಳಿದು ಅಪಾಯ ಕಡಮೆಯಾಗುತ್ತದೆ.

ನಾಲ್ಕನೆಯದು ದೀರ್ಘ ಶಾಖಸಂಸ್ಕಾರ. ಇದು ಎಲ್ಲಕ್ಕಿಂತ ಸ್ವಾರಸ್ಯವುಳ್ಳದ್ದು. ಹಿಂದೆ ಹೇಳಿದ ಅಪಾಯದ ವಲಯದಲ್ಲಿಯೇ, ಸುಮಾರು ೭೦೦ ಡಿಗ್ರಿಯಲ್ಲಿ, ಲೋಹವನ್ನು ಹದಿನೈದು ಗಂಟೆಗಳ ಕಾಲ ಇಡುತ್ತಾರೆ. ಕೇಡಿನ ಬಾಯೊಳಗೇ ಏಕೆ ತಲೆಯಿಡಬೇಕು? ಕೆಲವು ಹೊತ್ತಿನಲ್ಲಿ ಕಾರ್ಬೈಡು ಕಟ್ಟಿ ಪಕ್ಕದ ಪಟ್ಟಿ ಬಡವಾಗುವುದು ನಿಜ. ಆದರೆ ಅಲ್ಲಿಗೆ ನಿಲ್ಲಿಸದೆ ಕಾವನ್ನು ಮುಂದುವರಿಸಿದರೆ, ಇಂಗಾಲದ ಓಟ ಮುಗಿದಿರುತ್ತದೆ. ನಿಧಾನವಾಗಿ ನಡೆಯುವ ಕ್ರೋಮಿಯಂ ಹರಳಿನ ಒಡಲಿನಿಂದ ಬಂದು ಬಡವಾದ ಪಟ್ಟಿಯನ್ನು ಮತ್ತೆ ತುಂಬುತ್ತಾ ಹೋಗುತ್ತದೆ. ಜೊತೆಗೆ ಒಳಬಿಗುವೂ ಇಳಿಯುತ್ತದೆ. ಇದೇ ಕಾವಿನಲ್ಲಿ ಒಂದೆರಡು ಗಂಟೆಯಿಟ್ಟು ತೆಗೆದರೆ ಲೋಹ ಹಾಳು. ಹದಿನೈದು ಗಂಟೆಯಿಟ್ಟರೆ ಲೋಹ ಗಟ್ಟಿ. ಅರೆಬೆಂದ ಸಂಸ್ಕಾರವು ಸಂಸ್ಕಾರವಿಲ್ಲದುದಕ್ಕಿಂತ ಹೆಚ್ಚು ಅಪಾಯಕರ.

೫. ಕಾಕ್ರಾಪಾರ ಮತ್ತು ಕೈಗಾ

ಈ ವಿದ್ಯೆ ಬೆಳೆದದ್ದು ಬಹುಮಟ್ಟಿಗೆ ಅಣುವಿದ್ಯುತ್ ಸ್ಥಾವರಗಳ ಕಷ್ಟಗಳಿಂದ. ಅಂಥ ಒಂದು ಸ್ಥಾವರ ಸೂರತ್ತಿನಿಂದ ಸುಮಾರು ೮೦ ಕಿಲೋಮೀಟರು ದೂರದ ಕಾಕ್ರಾಪಾರದಲ್ಲಿದೆ. ಅದರ ತಲಾ ೨೨೦ ಮೆಗಾವ್ಯಾಟಿನ ಮೊದಲ ಎರಡು ಘಟಕಗಳು ೧೯೯೩ ಮತ್ತು ೧೯೯೫ರಲ್ಲಿಯೂ, ತಲಾ ೭೦೦ ಮೆಗಾವ್ಯಾಟಿನ ಮುಂದಿನ ಎರಡು ಘಟಕಗಳು ೨೦೨೩ ಮತ್ತು ೨೦೨೪ರಲ್ಲಿಯೂ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದುವು. ನಮ್ಮ ನಾಡಿನ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ಇದೇ ಬಗೆಯ ೨೨೦ ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಅಲ್ಲಿಯ ಮೊದಲ ಘಟಕವು ೨೦೧೮ರ ಡಿಸೆಂಬರ್ ೩೧ರವರೆಗೆ ಎಡೆಬಿಡದೆ ೯೬೨ ದಿನ ನಡೆದು ಅಂದಿಗೆ ಜಗತ್ತಿನ ದಾಖಲೆಯನ್ನೇ ಸ್ಥಾಪಿಸಿತು.

ಈ ಸ್ಥಾವರಗಳಲ್ಲಿ ಉಗಿಯನ್ನು ಉತ್ಪಾದಿಸುವ ಬೃಹತ್ ಪಾತ್ರೆಗಳುಂಟು. ಒಂದೊಂದರಲ್ಲಿಯೂ ಬೆರಳಿನ ಗಾತ್ರದ ಕೊಳವೆಗಳು ಸಾವಿರಕ್ಕೂ ಹೆಚ್ಚು. ಕೊಳವೆಗಳ ಒಳಗೆ ಸುಮಾರು ೨೯೦ ಡಿಗ್ರಿಯ ಭಾರಜಲ ಹರಿಯುತ್ತದೆ; ಹೊರಗಿನ ಸಾಮಾನ್ಯ ನೀರು ಆ ಶಾಖದಿಂದ ಉಗಿಯಾಗಿ ಯಂತ್ರವನ್ನು ತಿರುಗಿಸುತ್ತದೆ. ವಿಕಿರಣವುಳ್ಳ ಭಾರಜಲಕ್ಕೂ ಹೊರಗಿನ ನೀರಿಗೂ ನಡುವೆ ಇರುವುದು ಸುಮಾರು ಒಂದು ಮಿಲಿಮೀಟರ್ ದಪ್ಪದ ಲೋಹದ ಗೋಡೆ. ಶಾಖ ದಾಟಬೇಕಾದುದರಿಂದ ಅದನ್ನು ದಪ್ಪ ಮಾಡುವಂತಿಲ್ಲ, ಸೋರುವಂತೆಯೂ ಇಲ್ಲ. ಆ ಗೋಡೆಯ ಲೋಹ ಎಂಥದಿರಬೇಕೆಂಬುದು ದೊಡ್ಡ ಪ್ರಶ್ನೆ.

ಅಮೆರಿಕ ಮೊದಲಾದ ದೇಶಗಳು ಇದಕ್ಕೆ ೬೦೦ ಎಂಬ ಇನ್‌ಕೊನೆಲನ್ನು ಆರಿಸಿಕೊಂಡವು. ಫ್ರಾನ್ಸಿನ ಕೊರ್ಯೂ ಎಂಬ ವಿಜ್ಞಾನಿಯೂ ಅವನ ಸಂಗಡಿಗರೂ ೧೯೫೯ರಲ್ಲಿಯೇ, ಬಹು ಶುದ್ಧವಾದ ಬಿಸಿನೀರಿನಲ್ಲಿಯೂ ಈ ಲೋಹವು ಬಿಗುವಿಗೆ ಸಿಕ್ಕಿದಾಗ ಬಿರುಕು ಬಿಡುತ್ತದೆಂದು ಪ್ರಯೋಗದಿಂದ ತೋರಿಸಿದ್ದರು. ಬಹುಮಂದಿ ಆ ಮಾತನ್ನು ನಂಬಲಿಲ್ಲ. ಶುದ್ಧ ನೀರು ಲೋಹವನ್ನು ಒಡೆಯುವುದುಂಟೆ ಎಂದು ವಾದಿಸಿದರು. ಮುಂದಿನ ದಶಕಗಳಲ್ಲಿ ಸ್ಥಾವರದ ಮೇಲೆ ಸ್ಥಾವರದಲ್ಲಿ ಕೊಳವೆಗಳು ಬಿರುಕುಬಿಟ್ಟಾಗ ಕೊರ್ಯೂ ಹೇಳಿದ್ದು ದಿಟವೆಂದಾಯಿತು. ಆಗ ೬೦೦ರ ಕೊಳವೆಗಳಿಗೆ ಮೇಲೆ ಹೇಳಿದ ಹದಿನೈದು ಗಂಟೆಗಳ ದೀರ್ಘ ಸಂಸ್ಕಾರವನ್ನು ಕೊಡತೊಡಗಿದರು, ಬಿರುಕುಗಳು ಕಡಮೆಯಾದುವು. ಬಳಿಕ ೧೯೮೦ರ ದಶಕದ ಕೊನೆಯಿಂದ ಕ್ರೋಮಿಯಮ್ಮನ್ನು ಸುಮಾರು ೩೦ಕ್ಕೆ ಏರಿಸಿದ ೬೯೦ ಎಂಬ ಲೋಹ ಬಳಕೆಗೆ ಬಂದಿತು. ಅದಕ್ಕೂ ಸುಮಾರು ೭೦೦ ಡಿಗ್ರಿಯ ಸಂಸ್ಕಾರವನ್ನು ಕೊಟ್ಟೇ ಕೊಳವೆಯನ್ನು ಒಪ್ಪುತ್ತಾರೆ.

ಕಡೆಗಣಿಸಿದ ಬಿರುಕು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಅಮೆರಿಕದ ಒಹಾಯೋ ಪ್ರಾಂತದ ಡೇವಿಸ್-ಬೆಸ್ಸೆ ಸ್ಥಾವರ ಸಾಕ್ಷಿಯಾಗಿದೆ. ಅಲ್ಲಿ ೬೦೦ ಲೋಹದ ನಳಿಕೆಯ ಬಿರುಕಿನಿಂದ ಬೋರಿಕ್ ಆಮ್ಲ ಬೆರೆತ ನೀರು ಜಿನುಗಿ, ಹದಿನೈದು ಸೆಂಟಿಮೀಟರಿಗೂ ದಪ್ಪವಾದ ಉಕ್ಕಿನ ಮುಚ್ಚಳವನ್ನು ತಿಂದುಹಾಕಿತ್ತು. ೨೦೦೨ರ ಮಾರ್ಚಿಯಲ್ಲಿ ಅದನ್ನು ಕಂಡಾಗ, ಆ ಜಾಗದಲ್ಲಿ ಒಂದು ಸೆಂಟಿಮೀಟರಿಗೂ ಕಡಮೆ ದಪ್ಪದ ಸ್ಟೇನ್‌ಲೆಸ್ ಸ್ಟೀಲಿನ ಒಳಪದರ ಮಾತ್ರ ಉಳಿದಿತ್ತು.

ನಮ್ಮ ದೇಶವು ಬೇರೆ ದಾರಿಯನ್ನು ಹಿಡಿಯಿತು. ರಾಜಸ್ಥಾನದ ಮೊದಲ ಎರಡು ಘಟಕಗಳಲ್ಲಿಯೂ ಕಲ್ಪಾಕ್ಕಮ್ಮಿನ ಘಟಕಗಳಲ್ಲಿಯೂ ಮೊನೆಲ್ ಕೊಳವೆಗಳನ್ನು ಬಳಸಿದರು. ನರೋರಾದಿಂದ ಮುಂದೆ, ಕಾಕ್ರಾಪಾರ ಕೈಗಾಗಳೂ ಸೇರಿದಂತೆ, ಇನ್‌ಕೊಲಾಯ್ ೮೦೦ ಬಂದಿತು. ಇದರಲ್ಲಿ ನಿಕಲ್ ೩೦ರಿಂದ ೩೫ರಷ್ಟು ಮಾತ್ರ, ಕಬ್ಬಿಣವೇ ಹೆಚ್ಚು. ಆದುದರಿಂದ ಇದನ್ನು ನಿಕಲ್ ಮನೆತನದ ಹತ್ತಿರದ ನೆಂಟನೆನ್ನಬಹುದು. ಇಂಗಾಲವನ್ನು ತಗ್ಗಿಸಿ, ಉಳಿದುದನ್ನು ಟೈಟಾನಿಯಮ್ಮಿಗೆ ಕಟ್ಟಿಹಾಕುವ ಉಪಾಯ ಇಲ್ಲಿಯೂ ಉಂಟು. ಈ ಕೊಳವೆಗಳನ್ನು ಹೈದರಾಬಾದಿನ ಅಣು ಇಂಧನ ಸಂಕೀರ್ಣದಲ್ಲಿ ತಯಾರಿಸುತ್ತಾರೆ. ನಮ್ಮ ಸೂರತ್ತಿನ ಪಕ್ಕದ ಹಜೀರಾದಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಾರ್ಖಾನೆಯು ೭೦೦ ಮೆಗಾವ್ಯಾಟಿನ ಸ್ಥಾವರಗಳಿಗೆ ಉಗಿಪಾತ್ರೆಗಳನ್ನು ಕಟ್ಟುತ್ತದೆ.

೬. ಒಂದೇ ಲೋಹ, ಎರಡು ಹದ

ಒಂದೇ ಸಂಸ್ಕಾರವು ಎಲ್ಲ ಕೆಲಸಕ್ಕೂ ಸಲ್ಲದು. ೭೧೮ ಎಂಬ ನಿಕಲ್ ಲೋಹವನ್ನು ನೋಡಿರಿ. ವಿಮಾನದ ಎಂಜಿನ್ನಿಗೆ ಬಲ ಮುಖ್ಯ. ಅದಕ್ಕಾಗಿ ಲೋಹವನ್ನು ಸುಮಾರು ೭೨೦ ಡಿಗ್ರಿಯಲ್ಲಿ ೮ ಗಂಟೆ ಇಟ್ಟು, ಕುಲುಮೆಯಲ್ಲಿಯೇ ೬೨೦ಕ್ಕೆ ಇಳಿಸಿ, ಒಟ್ಟು ೧೮ ಗಂಟೆಗಳ ಸಂಸ್ಕಾರವನ್ನು ಕೊಡುತ್ತಾರೆ. ಅದೇ ಲೋಹ ಎಣ್ಣೆಬಾವಿಗೆ ಇಳಿಯುವುದಾದರೆ ಅಲ್ಲಿಯ ಉಪ್ಪುನೀರು, ಗಂಧಕದ ಅನಿಲಗಳನ್ನು ಎದುರಿಸಬೇಕು. ಆಗ ಸಾವಿರ ಡಿಗ್ರಿಗೂ ಮೇಲೆ ಕರಗಿಸಿ ತಣಿಸಿ, ಸುಮಾರು ೭೮೦ ಡಿಗ್ರಿಯಲ್ಲಿ ಆರೆಂಟು ಗಂಟೆಗಳ ಒಂದೇ ಸಂಸ್ಕಾರವನ್ನು ಕೊಡುತ್ತಾರೆ. ಬಲ ಸ್ವಲ್ಪ ತಗ್ಗುತ್ತದೆ, ಬಿರುಕಿನ ಭಯ ಕಡಮೆಯಾಗುತ್ತದೆ. ಇಂಥ ಲೋಹಗಳನ್ನು ನಮ್ಮಲ್ಲಿಯೇ ತಯಾರಿಸುವುದಕ್ಕಾಗಿ ೧೯೭೩ರಲ್ಲಿ ಹೈದರಾಬಾದಿನಲ್ಲಿ ಮಿಶ್ರ ಧಾತು ನಿಗಮವೆಂಬ ಸರ್ಕಾರಿ ಸಂಸ್ಥೆ ಸ್ಥಾಪಿತವಾಯಿತು. ರೋಗಿಯನ್ನು ನೋಡಿ ಮದ್ದು ಕೊಡುವ ವೈದ್ಯನಂತೆ, ಲೋಹವು ಎಲ್ಲಿ ದುಡಿಯಲಿದೆಯೆಂಬುದನ್ನು ನೋಡಿ ಅದರ ಹದವನ್ನು ಗೊತ್ತುಮಾಡಬೇಕು.

೭. ಕುಲುಮೆಯ ನಿಯಮಗಳು ಮತ್ತು ಪರೀಕ್ಷೆ

ನಿಕಲ್ಲಿಗೆ ಗಂಧಕವು ಬದ್ಧವೈರಿ. ಅವೆರಡೂ ಕೂಡಿದರೆ ಹುಟ್ಟುವ ಮಿಶ್ರಣವು ಸುಮಾರು ೬೪೦ ಡಿಗ್ರಿಯಲ್ಲಿಯೇ ಕರಗಿ ಸಂದುಗಳಿಗೆ ಇಳಿಯುತ್ತದೆ. ಆಮೇಲೆ ಲೋಹವನ್ನು ಬಗ್ಗಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಆದುದರಿಂದ ಕುಲುಮೆಗೆ ಇಡುವ ಮೊದಲು ಲೋಹದ ಮೇಲಿನ ಎಣ್ಣೆ, ಗ್ರೀಸು, ಬಣ್ಣ, ಗುರುತು ಹಾಕಿದ ಸೀಮೆಸುಣ್ಣ, ಕೈಯ ಬೆವರಿನ ಕಲೆ ಇವೆಲ್ಲವನ್ನೂ ತೊಳೆಯಬೇಕು. ಉರಿಸುವ ಇಂಧನದಲ್ಲಿ ಗಂಧಕವು ಅತ್ಯಲ್ಪವಾಗಿರಬೇಕು. ಕಾವನ್ನು ಕಣ್ಣಂದಾಜಿನಿಂದ ಹೇಳದೆ ಉಷ್ಣಮಾಪಕದಿಂದಲೇ ಅಳೆಯಬೇಕು. ಗಾಳಿಯಲ್ಲಿ ಕಾಯಿಸಿದ ಲೋಹದ ಮೇಲೆ ಕಪ್ಪು ಪದರ ಕಟ್ಟುತ್ತದೆ, ಅದರ ಕೆಳಗಿನ ಮೈಯಲ್ಲಿ ಕ್ರೋಮಿಯಂ ಕಡಮೆಯಾಗಿರುತ್ತದೆ. ಅದನ್ನು ಆಮ್ಲದಲ್ಲಿ ತೊಳೆದು ತೆಗೆಯಬೇಕು, ಇಲ್ಲವೆ ಮೊದಲೇ ಜಲಜನಕದಲ್ಲಿಯೋ ನಿರ್ವಾತದಲ್ಲಿಯೋ ಕಾಯಿಸಬೇಕು.

ಸಂಸ್ಕಾರ ಸರಿಯಾಯಿತೇ ಇಲ್ಲವೇ ಎಂಬುದು ನೋಟಕ್ಕೆ ತಿಳಿಯದು. ಆದುದರಿಂದ ಲೋಹದ ಒಂದು ತುಂಡನ್ನು ತೂಗಿ, ಗಂಧಕಾಮ್ಲ ಮತ್ತು ಫೆರಿಕ್ ಸಲ್ಫೇಟಿನ ಕುದಿಯುವ ದ್ರಾವಣದಲ್ಲಿ ಮುಳುಗಿಸಿಡುತ್ತಾರೆ. ಸಿ-೨೭೬ಕ್ಕೆ ೨೪ ಗಂಟೆ. ೮೨೫ಕ್ಕೆ ೧೨೦ ಗಂಟೆ. ಬಳಿಕ ಮತ್ತೆ ತೂಗುತ್ತಾರೆ. ಸಂದುಗಳು ಬಡವಾಗಿದ್ದರೆ ಹರಳುಗಳು ಉದುರಿ ತೂಕ ಬಹಳವಾಗಿ ಇಳಿದಿರುತ್ತದೆ. ತಕ್ಕಡಿಯು ಸುಳ್ಳು ಹೇಳುವುದಿಲ್ಲ.

೮. ಪಾಂಡೇಸರಾದಲ್ಲಿ ಇರುವ ನಮಗೆ

ಪಾಂಡೇಸರಾದ ಬಣ್ಣ ಹಾಕುವ ಗಿರಣಿಗಳಲ್ಲಿ ನಿಕಲ್ ಮಿಶ್ರಲೋಹದ ಯಂತ್ರಗಳು ಅಪರೂಪ. ಅಲ್ಲಿಯ ಜೆಟ್ ಮೆಷಿನ್ನುಗಳು ಸ್ಟೇನ್‌ಲೆಸ್ ಸ್ಟೀಲಿನವು. ಆದರೆ ಹರಳು, ಸಂದು, ಕ್ರ��ೋಮಿಯಂ, ಕಾರ್ಬೈಡು, ಈ ನಾಲ್ಕರ ಕಥೆ ಎರಡು ಲೋಹಗಳಿಗೂ ಒಂದೇ. ಪಾಲಿಯೆಸ್ಟರ್ ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ನೀರು ೧೩೦ ಡಿಗ್ರಿಗೆ ಏರಬೇಕು. ನೂರಕ್ಕೇ ಕುದಿಯುವ ನೀರನ್ನು ಅಷ್ಟಕ್ಕೆ ಏರಿಸಬೇಕಾದರೆ ಪಾತ್ರೆಯನ್ನು ಬಿಗಿಯಾಗಿ ಮುಚ್ಚಿ, ವಾಯುಭಾರದ ಎರಡೂವರೆ ಪಟ್ಟಿಗೂ ಮಿಕ್ಕ ಒತ್ತಡದಲ್ಲಿಡಬೇಕು. ಅದರೊಳಗೆ ಒಮ್ಮೆ ಅಸೆಟಿಕ್ ಆಸಿಡ್, ಮತ್ತೊಮ್ಮೆ ಕಾಸ್ಟಿಕ್ ಮತ್ತು ಹೈಡ್ರೋಸ್. ಇಂಥ ಪಾತ್ರೆಯ ಪಕ್ಕದಲ್ಲಿ ನಮ್ಮ ವಿದ್ಯಾರ್ಥಿಗಳ ತಂದೆಯರೂ ಅಣ್ಣಂದಿರೂ ಹನ್ನೆರಡು ಗಂಟೆ ನಿಲ್ಲುತ್ತಾರೆ.

ಇಲ್ಲಿಯ ಒಂದು ಗಿರಣಿಯಲ್ಲಿ, ಬೆಸೆದು ದುರಸ್ತಿ ಮಾಡಿದ ಕೊಳವೆಯೊಂದು ಕೆಲವು ತಿಂಗಳಲ್ಲಿ ಮತ್ತೆ ಸೋರಿ, ನಮ್ಮ ವಿದ್ಯಾರ್ಥಿಯೊಬ್ಬನ ತಂದೆಯ ಮುಂಗೈ ಸುಟ್ಟಿತು. ಅವರನ್ನು ನೋಡಲು ಹೋದ ನಮಗೆ ಅವರು ಹೇಳಿದರು: "ಗುರುಗಳೇ, ಬೆಸುಗೆ ಗಟ್ಟಿಯಾಗೇ ಇತ್ತು. ಒಡೆದದ್ದು ಬೆಸುಗೆಯಲ್ಲ, ಅದರ ಪಕ್ಕದ ಹೊಸ ಪೈಪು." ಈ ಮಾತಿನಲ್ಲಿ ಒಂದು ಪಾಠವೇ ಅಡಗಿದೆ. ಬೆಸುಗೆಯ ಗೆರೆಯಲ್ಲಿ ಲೋಹ ಕರಗಿ ಬೇಗ ಆರುತ್ತದೆ. ಅದರಿಂದ ಕೆಲವು ಮಿಲಿಮೀಟರು ಆಚೆಗಿನ ಪಟ್ಟಿ ಮಾತ್ರ ಅಪಾಯದ ಕಾವಿನಲ್ಲಿ ತಡೆದು ನಿಂತಿರುತ್ತದೆ. ಹೆಚ್ಚು ಇಂಗಾಲವುಳ್ಳ ಅಗ್ಗದ ಜಾತಿಯ ಸ್ಟೀಲನ್ನು ಬಳಸಿದರೆ ಆ ಪಟ್ಟಿಯಲ್ಲಿ ಸಂದುಗಳು ಬಡವಾಗುತ್ತವೆ. ಆದುದರಿಂದಲೇ ಇಂಥ ಕೆಲಸಕ್ಕೆ 'ಎಲ್' ಅಕ್ಷರದಿಂದ ಗುರುತಿಸುವ, ಇಂಗಾಲವು ೦.೦೩ಕ್ಕೆ ಮೀರದ ಸ್ಟೀಲನ್ನು ಬಳಸಬೇಕೆಂಬ ನಿಯಮ. ಆ ಒಂದು ಅಕ್ಷರಕ್ಕೆ ತೆರುವ ಹೆಚ್ಚಿನ ಹಣ ಸ್ವಲ್ಪವೇ. ಅದನ್ನು ಉಳಿಸಿದಾಗ ನಷ್ಟವು ಬೀಳುವುದು ಲೆಕ್ಕದ ಪುಸ್ತಕದ ಮೇಲಲ್ಲ, ಯಂತ್ರದ ಬಳಿ ನಿಂತವನ ಮೈಮೇಲೆ.

ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಮುಂದೆ ಐ.ಟಿ.ಐ. ಸೇರಿ ವೆಲ್ಡರುಗಳೂ ಫಿಟ್ಟರುಗಳೂ ಆಗುವರು. ಕೆಲವರು ಎಂಜಿನಿಯರುಗಳಾಗಿ ಹಜೀರಾಕ್ಕೋ ಕೈಗಾಕ್ಕೋ ಹೋಗಬಹುದು. ಕೈಯಲ್ಲಿ ಹಿಡಿದ ಲೋಹದ ಜಾತಿಯನ್ನು ವಿಚಾರಿಸಿಕೊಂಡು ಬೆಸೆಯುವವನಿಗೂ, ಹೊಳೆಯುವುದೆಲ್ಲ ಒಂದೇ ಎಂದು ಬೆಸೆಯುವವನಿಗೂ ಬಹಳ ಅಂತರವುಂಟು. ಈ ವಿಚಾರವನ್ನು ಕನ್ನಡದಲ್ಲಿ ಓದಿ ಅರ್ಥಮಾಡಿಕೊಂಡವರು ಮನೆಗೆ ಹೋಗಿ ತಂದೆಯವರಿಗೂ ಕನ್ನಡದಲ್ಲಿಯೇ ತಿಳಿಸಲಿ ಎಂಬುದೇ ಈ ಪಾಠವನ್ನು ಬರೆದ ಉದ್ದೇಶ.

ಅಭ್ಯಾಸ

೧. ೬೦೦ ಲೋಹದಲ್ಲಿ ೭ ಕ್ರೋಮಿಯಂ ಪರಮಾಣುಗಳಿಗೆ ೩ ಇಂಗಾಲದ ಪರಮಾಣುಗಳಿರುವ ಕಾರ್ಬೈಡು ಹೆಚ್ಚಾಗಿ ಕಟ್ಟುತ್ತದೆ. ಒಂದು ಗ್ರಾಂ ಇಂಗಾಲವು ಎಷ್ಟು ಗ್ರಾಂ ಕ್ರೋಮಿಯಮ್ಮನ್ನು ಸೆರೆಹಿಡಿಯುವುದೆಂದು ಲೆಕ್ಕಹಾಕಿರಿ.

೨. ಮನೆಯಲ್ಲಿ ಹಿರಿಯರ ಸಹಾಯದಿಂದ ದಟ್ಟವಾದ ಸಕ್ಕರೆಯ ಪಾಕವನ್ನು ಮಾಡಿ ಎರಡು ಲೋಟಗಳಲ್ಲಿ ದಾರವನ್ನು ಇಳಿಬಿಡಿರಿ. ಒಂದನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಬೇಗ ಆರಿಸಿರಿ. ಇನ್ನೊಂದನ್ನು ಬಟ್ಟೆ ಸುತ್ತಿ ನಿಧಾನವಾಗಿ ಆರಲು ಬಿಡಿರಿ. ಕೆಲವು ದಿನಗಳ ಮೇಲೆ ಎರಡರ ಹರಳುಗಳನ್ನೂ ಹೋಲಿಸಿ ಬರೆಯಿರಿ.

೩. ೭೦೦ ಡಿಗ್ರಿಯಲ್ಲಿ ಎರಡು ಗಂಟೆಯಿಟ್ಟ ಲೋಹಕ್ಕೂ ಹದಿನೈದು ಗಂಟೆಯಿಟ್ಟ ಲೋಹಕ್ಕೂ ಇರುವ ವ್ಯತ್ಯಾಸವನ್ನು ಇಂಗಾಲ ಮತ್ತು ಕ್ರೋಮಿಯಂ ಪರಮಾಣುಗಳ ವೇಗದ ಆಧಾರದಿಂದ ವಿವರಿಸಿರಿ.

೪. ನಿಮ್ಮ ಮನೆಯವರು ಕೆಲಸ ಮಾಡುವ ಕಡೆ ಕೊಳವೆ ಅಥವಾ ಪಾತ್ರೆಯ ದುರಸ್ತಿಗೆ ಯಾವ ಜಾತಿಯ ಸ್ಟೀಲನ್ನು ಬಳಸುತ್ತಾರೆ? ಕೇಳಿ ತಿಳಿದು ಬರೆಯಿರಿ.